ಬೇಸಿಗೆ ರಜೆಗೆ ಮೈಸೂರು: ಮಧ್ಯಾಹ್ನವನ್ನು ಬಿಸಿಲಿಗೇ ಬಿಟ್ಟುಕೊಡುವ ಯೋಜನೆ

ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಮೊದಲ ಸಲ ಸೋಮನಾಥಪುರಕ್ಕೆ ಹೋದಾಗ ಮಧ್ಯಾಹ್ನ ಒಂದು ದಾಟಿತ್ತು. ಮೇ ತಿಂಗಳು. ಚಪ್ಪಲಿ ಬಿಟ್ಟು ಕಲ್ಲಿನ ಮೇಲೆ ಕಾಲಿಟ್ಟ ಮಗಳು ಎಣ್ಣೆಗೆ ಬಿದ್ದ ಸಾಸಿವೆಯ ಹಾಗೆ ಸಿಡಿದು ವಾಪಸ್ ಬಂದಳು. ಅತ್ತೆ ಬಾಗಿಲ ಮಂಟಪದ ನೆರಳಲ್ಲೇ ಕೂತುಬಿಟ್ಟರು. "ನೀವು ನೋಡ್ಕೊಂಡು ಬನ್ನಿ, ನಾನು ಇಲ್ಲಿಂದಲೇ ಕೈ ಮುಗೀತೀನಿ." ನಾನು ನನ್ನ ಸಾಕ್ಸ್ ಕಳಚಿ ಮಗಳಿಗೆ ತೊಡಿಸಿದೆ. ಅವಳಿಗದು ಮೊಣಕಾಲವರೆಗೂ ಬಂತು. ಬರಿಗಾಲಲ್ಲಿ ಕುಣಿಯುವ ಸರದಿ ಈಗ ನನ್ನದು. 1258ರಲ್ಲಿ ಕಟ್ಟಿದ ಹೊಯ್ಸಳ ಗುಡಿಯನ್ನು ನಾವು ನೋಡಿ ಮುಗಿಸಿದ್ದು ಹತ್ತೇ ಹತ್ತು ನಿಮಿಷದಲ್ಲಿ.

ಎರಡು ವರ್ಷ ಬಿಟ್ಟು ಅದೇ ಗುಡಿಗೆ, ಅದೇ ಮೇ ತಿಂಗಳಲ್ಲಿ, ಬೆಳಿಗ್ಗೆ ಒಂಬತ್ತಕ್ಕೆ ಹೋದೆವು. ಕಲ್ಲು ಇನ್ನೂ ತಣ್ಣಗಿತ್ತು. ಎರಡು ಗಂಟೆ ಹೊತ್ತು ಯಾರೂ "ಹೋಗೋಣ" ಅನ್ನಲಿಲ್ಲ. ಅವತ್ತಿನಿಂದ ನಮ್ಮ ಮನೆಯಲ್ಲಿ ಪ್ರವಾಸದ ಪಟ್ಟಿ ಮಾಡುವ ಕ್ರಮವೇ ಬದಲಾಯಿತು. ಜಾಗದ ಹೆಸರು ಬರೆಯುವ ಮೊದಲು ಹೊತ್ತು ಬರೆಯುತ್ತೇವೆ.

ನಾವು ದಾವಣಗೆರೆಯವರು. ನಮ್ಮ ಬಿಸಿಲಿಗೆ ಹೋಲಿಸಿದರೆ ಮೈಸೂರು ತಂಪೇ. ಆದರೆ ಆ ನಂಬಿಕೆಯಲ್ಲೇ ಜನ ಮೋಸಹೋಗುವುದು. ಏಪ್ರಿಲ್‌ನಲ್ಲಿ ಅಲ್ಲಿಯೂ 35 ಡಿಗ್ರಿ ಸಲೀಸಾಗಿ ಮುಟ್ಟುತ್ತದೆ. ಮನೆಯಲ್ಲಿದ್ದಾಗ 35 ಡಿಗ್ರಿಯಲ್ಲಿ ನಾವು ಫ್ಯಾನಿನ ಕೆಳಗೆ ಮಲಗಿರುತ್ತೇವೆ. ಪ್ರವಾಸದಲ್ಲಿ ಅದೇ ಬಿಸಿಲಲ್ಲಿ ಮೃಗಾಲಯ ಸುತ್ತಲು ಹೊರಡುತ್ತೇವೆ.

ಮೊದಲ ಹೆಜ್ಜೆ: ಯಾವ ವಾರ ಅಲ್ಲ, ಯಾವ ವಾರದ ದಿನ

ಶಾಲೆಗಳಿಗೆ ಸಾಮಾನ್ಯವಾಗಿ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ರಜೆ. ಇದರಲ್ಲಿ ಯಾವ ವಾರವಾದರೂ ಸರಿ. ಮುಖ್ಯವಾಗುವುದು ಮೂರು ಸಂಗತಿ. ಅರಮನೆಯ ದೀಪಾಲಂಕಾರ ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಸಂಜೆ ಏಳರ ಸುಮಾರಿಗೆ ಹತ್ತುತ್ತದೆ, ಒಂದು ಗಂಟೆಯೊಳಗೆ ಆರುತ್ತದೆ. ಮೃಗಾಲಯ ಮತ್ತು ಕಾರಂಜಿ ಕೆರೆಗೆ ಮಂಗಳವಾರ ರಜೆ. ರಜಾಕಾಲದಲ್ಲಿ ಒಮ್ಮೊಮ್ಮೆ ತೆರೆದಿಡುವುದೂ ಉಂಟು, ಆದರೆ ಅದನ್ನು ನಂಬಿಕೊಂಡು ಪ್ಲಾನ್ ಮಾಡಬೇಡಿ. ಮೂರನೆಯದು, 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಬೆಂಗಳೂರಿನವರು ಶನಿವಾರ ಬೆಳಿಗ್ಗೆ ಎದ್ದು, ತಿಂಡಿಗೆ ಮೈಸೂರಿಗೆ ಬಂದುಬಿಡುತ್ತಾರೆ.

ಈ ಮೂರನ್ನೂ ಜೋಡಿಸಿದರೆ ಉತ್ತರ ಸಿಗುತ್ತದೆ: ಭಾನುವಾರ ಮಧ್ಯಾಹ್ನದ ಮೇಲೆ ಮೈಸೂರು ಸೇರಿ, ಗುರುವಾರ ಹೊರಡಿ. ನೀವು ಊರು ಸೇರುವ ಹೊತ್ತಿಗೆ ವಾರಾಂತ್ಯದ ಜನ ಗಂಟುಮೂಟೆ ಕಟ್ಟಿರುತ್ತಾರೆ. ಇಳಿದ ದಿನವೇ ದೀಪ ನೋಡಿದ ಹಾಗಾಗುತ್ತದೆ. ಹೋಟೆಲಿನವರೂ ಭಾನುವಾರ ರಾತ್ರಿಯಿಂದ ಬಾಡಿಗೆ ಇಳಿಸಿರುತ್ತಾರೆ. ನಾಲ್ಕು ರಾತ್ರಿ ಸಾಕು. ಒಂದು ರಾತ್ರಿ ಕಡಿಮೆ ಮಾಡಲೇಬೇಕಾದರೆ ಬುಧವಾರವೇ ಹೊರಡಿ. ಮಿಕ್ಕ ಮೂರು ದಿನಕ್ಕೆ ನಾಲ್ಕು ದಿನದ ಜಾಗಗಳನ್ನು ತುರುಕಬೇಡಿ.

ಏಪ್ರಿಲ್-ಮೇನಲ್ಲಿ ಸಂಜೆ ಗುಡುಗು ಮಳೆ ಬಂದೀತು. ಮಾವಿನ ಮಳೆ ಎಂದು ಹಾಡಿ ಹೊಗಳುವಷ್ಟು ಸಣ್ಣದಲ್ಲ, ಕೊಂಬೆ ಮುರಿಯುವಂಥದ್ದು. ಹಾಗಾಗಿ ಸಂಜೆಗೆಂದು ಇಟ್ಟುಕೊಂಡ ಯಾವುದಕ್ಕಾದರೂ ಇನ್ನೊಂದು ಸಂಜೆ ಖಾಲಿ ಇರಲಿ.

ಎರಡನೆಯದು: ತಲುಪುವುದು

ಇದರಲ್ಲಿ ಹೆಚ್ಚು ಹೇಳುವುದಿಲ್ಲ. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಹಿಂದಿನ 120 ದಿನದ ಲೆಕ್ಕ 2024ರ ನವೆಂಬರಿಗೇ ಮುಗಿಯಿತು. ಮೇ ತಿಂಗಳ ಪ್ರಯಾಣಕ್ಕೆ ಮಾರ್ಚಿನಲ್ಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಬೆಂಗಳೂರಿನಿಂದ ರೈಲಿನಲ್ಲಿ ಎರಡರಿಂದ ಮೂರು ಗಂಟೆ. ಮಕ್ಕಳಿಗೆ ಮಂಡ್ಯದ ಕಬ್ಬಿನ ಗದ್ದೆ ಕಿಟಕಿಯಲ್ಲಿ ಕಾಣುವುದು ರೈಲಿನಿಂದಲೇ, ಎಕ್ಸ್‌ಪ್ರೆಸ್‌ವೇಯಿಂದ ಕಾಣುವುದು ಬರೀ ಬೇಲಿ. ಬೈಕಿನಲ್ಲಿ ಬರುವ ನೆಂಟರಿದ್ದರೆ ಹೇಳಿಡಿ: ಮುಖ್ಯ ಪಥಕ್ಕೆ ದ್ವಿಚಕ್ರ ವಾಹನ ಬಿಡುವುದಿಲ್ಲ, ಸರ್ವಿಸ್ ರಸ್ತೆಯೇ ಗತಿ.

ಮೂರನೆಯದು: ಉಳಿಯುವ ಜಾಗ ಒಂದೇ, ಅದೂ ಊರೊಳಗೆ

ಊರ ಹೊರಗಿನ ರೆಸಾರ್ಟ್ ಫೋಟೋದಲ್ಲಿ ಚೆಂದ. ಆದರೆ ಈ ಯೋಜನೆಯ ಜೀವ ಇರುವುದು ಮಧ್ಯಾಹ್ನ ಹನ್ನೊಂದೂವರೆಗೆ ರೂಮಿಗೆ ವಾಪಸ್ ಬಂದು ಕಾಲು ಚಾಚುವುದರಲ್ಲಿ. ಅದಕ್ಕೆ ರೂಮು ಹತ್ತಿರ ಇರಬೇಕು. ನಜರಬಾದ್, ಅರಮನೆಯ ಸುತ್ತಮುತ್ತ, ಇಲ್ಲವೇ ರೈಲ್ವೆ ಸ್ಟೇಷನ್ ಕಡೆ ನೋಡಿ. ನಜರಬಾದಿನಲ್ಲಾದರೆ ಬೆಳಿಗ್ಗೆ ಮೈಲಾರಿ ದೋಸೆಗೆ ನಡೆದೇ ಹೋಗಬಹುದು. ಮೈಲಾರಿ ಹೆಸರಿನ ಹೋಟೆಲುಗಳಲ್ಲಿ ನಿಜವಾದದ್ದು ಯಾವುದು ಎಂಬ ಜಗಳಕ್ಕೆ ಮೈಸೂರಿನವರನ್ನೇ ಬಿಡಿ. ನೀವು ಬೆಣ್ಣೆ ಕರಗುವ ಮೊದಲು ತಿನ್ನಿ.

ರೂಮು ಬುಕ್ ಮಾಡುವಾಗ ಫೋನಿನಲ್ಲಿ ಮೂರು ಪ್ರಶ್ನೆ ಕೇಳಿ. ಲಿಫ್ಟ್ ಇದೆಯೇ? ಕರೆಂಟ್ ಹೋದರೆ ಎ.ಸಿ. ನಡೆಯುತ್ತದೆಯೋ, ಬರೀ ಲೈಟೋ? ರೂಮು ಎಷ್ಟನೇ ಮಹಡಿ? ಕೊನೆಯದನ್ನು ಯಾರೂ ಕೇಳುವುದಿಲ್ಲ. ಟೆರೇಸಿನ ಕೆಳಗಿನ ರೂಮು ಹಗಲೆಲ್ಲ ಕಾದು ರಾತ್ರಿ ಹನ್ನೆರಡರವರೆಗೆ ಆ ಬಿಸಿಯನ್ನು ನಿಮ್ಮ ಮೇಲೆ ಸುರಿಯುತ್ತದೆ. ಒಮ್ಮೆ ಅಂಥ ರೂಮಿನಲ್ಲಿ ಮಗ ಬಾತ್‌ರೂಮಿನ ನೆಲಕ್ಕೆ ಟವೆಲ್ ಹಾಸಿ ಮಲಗಿದ್ದ. ಮೊದಲ ಅಥವಾ ಎರಡನೇ ಮಹಡಿ ಕೇಳಿ ಪಡೆಯಿರಿ.

ನಾಲ್ಕನೆಯದು: ದಿನವನ್ನು ಮೂರು ತುಂಡು ಮಾಡುವುದು

ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ. ಬೆಳಿಗ್ಗೆ ಆರೂವರೆಯಿಂದ ಹನ್ನೊಂದು, ಹನ್ನೊಂದರಿಂದ ನಾಲ್ಕು, ನಾಲ್ಕರಿಂದ ರಾತ್ರಿ ಎಂಟು. ಕಲ್ಲು, ಬೆಟ್ಟ, ಪ್ರಾಣಿ, ಹಕ್ಕಿ ಎಲ್ಲ ಮೊದಲ ಕಾಲಂನಲ್ಲಿ. ದೀಪ, ಕಾರಂಜಿ, ಮಾರುಕಟ್ಟೆ, ಕೆರೆ ಏರಿ ಕೊನೆಯದರಲ್ಲಿ. ನಡುವಿನದು ಊಟ, ನಿದ್ದೆ, ಮತ್ತು ನಿದ್ದೆ ಬರದವರಿಗೆ ಚಾವಣಿ ಇರುವ ಒಂದು ಜಾಗ. ಒಂದು ಕಾಲಂಗೆ ಒಂದೇ ಹೆಸರು. ಎರಡನೇ ಹೆಸರು ಬರೆಯಲು ಕೈ ತುರಿಸಿದರೆ ಮನೆಯ ಅತಿ ಚಿಕ್ಕವರನ್ನೂ ಅತಿ ಹಿರಿಯರನ್ನೂ ಒಮ್ಮೆ ನೋಡಿ. ಪ್ರವಾಸದ ವೇಗ ನಿರ್ಧರಿಸುವವರು ಅವರಿಬ್ಬರು, ಕಾರು ಓಡಿಸುವವರಲ್ಲ.

ನಮ್ಮ ಹಾಳೆ ಕೊನೆಗೆ ಹೀಗೆ ಬಂತು.

ಭಾನುವಾರ ಸಂಜೆ: ಅರಮನೆಯ ದೀಪ. ಆರೂವರೆಗೇ ಒಳಗಿದ್ದು ಮೈದಾನದಲ್ಲಿ ಜಾಗ ಹಿಡಿಯಿರಿ. ಕತ್ತಲಾಗುತ್ತ ಜನ ಫೋನ್ ಎತ್ತಿಕೊಂಡು ಕಾಯುತ್ತಿರುತ್ತಾರೆ; ಒಂದು ಲಕ್ಷಕ್ಕೆ ಹತ್ತಿರದಷ್ಟು ಬಲ್ಬು ಒಮ್ಮೆಲೇ ಹತ್ತಿದಾಗ ಇಡೀ ಮೈದಾನ "ಓ" ಅನ್ನುತ್ತದೆ. ಆ ಕ್ಷಣಕ್ಕೆ ಫೋನ್ ಬೇಡ, ಮಗುವನ್ನು ಹೆಗಲ ಮೇಲೆ ಎತ್ತಿಕೊಳ್ಳಿ.

ಸೋಮವಾರ ಬೆಳಿಗ್ಗೆ: ಮೃಗಾಲಯ. 1892ರಲ್ಲಿ ಶುರುವಾದ ಹಳೆಯ ಮೃಗಾಲಯ, ಮರಗಳೂ ಅಷ್ಟೇ ಹಳೆಯವು, ಹಾಗಾಗಿ ನೆರಳಿಗೆ ಬರವಿಲ್ಲ. ಆದರೆ ಪೂರ್ತಿ ಸುತ್ತಿದರೆ ಸುಮಾರು ಮೂರು ಕಿಲೋಮೀಟರ್ ಆಗುತ್ತದೆ. ಟಿಕೆಟ್ ಆನ್‌ಲೈನಿನಲ್ಲೇ ಕೊಂಡು ಬಾಗಿಲು ತೆರೆಯುವ ಎಂಟೂವರೆಗೆ ಹೋಗಿ. ಹುಲಿ, ಚಿರತೆ ಎದ್ದು ಓಡಾಡುವುದು ಆ ಹೊತ್ತಿಗೆ. ಹನ್ನೊಂದಾದರೆ ಅವು ನಮಗಿಂತ ಬುದ್ಧಿವಂತರ ಹಾಗೆ ನೆರಳಲ್ಲಿ ಮಲಗಿ ಬೆನ್ನು ತೋರಿಸುತ್ತವೆ. ಹಿರಿಯರಿಗೆ ಬ್ಯಾಟರಿ ಗಾಡಿ ಸಿಗುತ್ತದೆ, ಒಳಗೆ ಹೋದ ತಕ್ಷಣ ವಿಚಾರಿಸಿ. ಪ್ಲಾಸ್ಟಿಕ್ ಕವರ್ ಬಿಡುವುದಿಲ್ಲ, ತಿಂಡಿ ಸ್ಟೀಲ್ ಡಬ್ಬಿಯಲ್ಲಿರಲಿ.

ಸೋಮವಾರ ಸಂಜೆ ಪಕ್ಕದ ಕಾರಂಜಿ ಕೆರೆ ಅಥವಾ ದೇವರಾಜ ಮಾರುಕಟ್ಟೆ. ಸಣ್ಣ ಮಕ್ಕಳಿದ್ದರೆ ಕೆರೆ. ದೋಣಿ ಇದೆ, ಒಳಗೇ ನಡೆದು ಹೋಗಬಹುದಾದ ದೊಡ್ಡ ಪಕ್ಷಿ ಪಂಜರ ಇದೆ. ನವಿಲು ಎದುರಿಗೇ ಬಂದು ನಿಂತರೆ ಮಕ್ಕಳ ಬಾಯಿ ಕಟ್ಟುತ್ತದೆ.

ಮಂಗಳವಾರ: ಸೋಮನಾಥಪುರ. ಊರಿಂದ ಸುಮಾರು 35 ಕಿಲೋಮೀಟರ್, ಬನ್ನೂರಿನ ಮೇಲೆ ಹೋಗಬೇಕು. ಏಳೂವರೆಗೆ ಹೊರಟರೆ ದಾರಿಯಲ್ಲಿ ತಿಂಡಿ ಮುಗಿಸಿ ಗುಡಿ ತೆರೆಯುವ ಹೊತ್ತಿಗೆ ಅಲ್ಲಿರುತ್ತೀರಿ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಈ ಜಾಗ ಮಕ್ಕಳಿಗೆ "ಬೋರು" ಎಂದು ಹಲವರು ಬಿಟ್ಟೇಬಿಡುತ್ತಾರೆ.

ಮಕ್ಕಳಿಗೆ ಇತಿಹಾಸ ಹೇಳಲು ಹೋಗಬೇಡಿ, ಕೆಲಸ ಕೊಡಿ. ಗುಡಿಯ ಹೊರಗೋಡೆಯ ಕೆಳಸಾಲಿನಲ್ಲಿ ಸುತ್ತಲೂ ಆನೆಗಳಿವೆ, ಅದರ ಮೇಲೆ ಕುದುರೆ ಸವಾರರು, ಮೇಲೆ ಹೋದಂತೆ ಬಳ್ಳಿ, ಪುರಾಣದ ಕಥೆ, ಮಕರ, ಹಂಸ. "ಒಂದರ ಹಾಗೆ ಇನ್ನೊಂದಿರುವ ಎರಡು ಆನೆ ಹುಡುಕು" ಎಂದು ಮಗನನ್ನು ಬಿಟ್ಟೆ. ಒಂದು ಆನೆ ಸೊಂಡಿಲಿನಲ್ಲಿ ಏನೋ ಎತ್ತಿದೆ, ಇನ್ನೊಂದು ಮುಂದಿನದರ ಬಾಲಕ್ಕೆ ತಾಗಿದೆ. ಅವನು ಗುಡಿಯನ್ನು ಒಂದೂವರೆ ಸುತ್ತು ಬಂದು ಸೋತೆ ಅಂದ. ಮಗಳಿಗೆ ಕೊಟ್ಟದ್ದು ಸಹಿ ಹುಡುಕುವ ಕೆಲಸ: ಇಲ್ಲಿನ ಶಿಲ್ಪಿಗಳು ವಿಗ್ರಹದ ಪೀಠದಲ್ಲಿ ಹಳಗನ್ನಡ ಲಿಪಿಯಲ್ಲಿ ತಮ್ಮ ಹೆಸರು ಕೆತ್ತಿದ್ದಾರೆ, ಮಲ್ಲಿತಮ್ಮನ ಹೆಸರು ಅದರಲ್ಲಿ ಪ್ರಸಿದ್ಧ. ಅಕ್ಷರ ಓದಲು ಬರಲಿಲ್ಲ, ಆದರೆ "ಇದು ಮ ಥರ ಇದೆಯಲ್ಲ?" ಎಂದು ಗೋಡೆಗೆ ಮೂಗು ತಾಗಿಸಿಕೊಂಡು ನಿಂತಿದ್ದಳು. ಹಿರಿಯರನ್ನು ಒಳಗೆ ಕೂಡಿಸಿ ತಲೆ ಎತ್ತಿ ನೋಡಲು ಹೇಳಿ. ಛಾವಣಿಯ ಒಂದೊಂದು ಅಂಕಣದ ಕೆತ್ತನೆ ಒಂದೊಂದು ಥರ. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಇದೂ ಯುನೆಸ್ಕೋ ಪಟ್ಟಿ ಸೇರಿದೆ. ಇಲ್ಲಿ ಪೂಜೆ ಇಲ್ಲ ಎಂದು ಹಿರಿಯರಿಗೆ ಮೊದಲೇ ಹೇಳಿಬಿಡಿ, ಹಣ್ಣು-ಕಾಯಿ ಬುಟ್ಟಿ ಹಿಡಿದು ಬಂದು ನಿರಾಸೆಯಾಗುವುದು ಬೇಡ. ಎಲ್ಲರಿಗೂ ಒಂದೊಂದು ಜೊತೆ ದಪ್ಪ ಸಾಕ್ಸ್ ಬ್ಯಾಗಿನಲ್ಲಿರಲಿ.

ಸೋಮನಾಥಪುರದಿಂದ ತಲಕಾಡಿಗೆ ಮುಂದುವರಿಯುವ ಆಸೆ ಆಗುತ್ತದೆ, ದೂರವೂ ಹೆಚ್ಚಿಲ್ಲ. ಹೋಗಬೇಡಿ. ನೀವು ತಲುಪುವ ಹೊತ್ತಿಗೆ ಹನ್ನೆರಡು, ಪಂಚಲಿಂಗ ಸುತ್ತುವುದು ಮರಳಲ್ಲಿ. ಅಲಮೇಲಮ್ಮನ ಶಾಪ ಮೈಸೂರಿನ ದೊರೆಗಳ ಮೇಲಿತ್ತು, ನಿಮ್ಮ ಮಕ್ಕಳ ಅಂಗಾಲಿಗೆ ಅದು ತಟ್ಟುವುದು ಯಾಕೆ? ಅದಕ್ಕಿಂತ ದೊಡ್ಡ ಅಪಾಯ ಅಲ್ಲಿನ ಹೊಳೆ. ಬೇಸಿಗೆಯಲ್ಲಿ ಕಾವೇರಿ ಅಲ್ಲಿ ಮೊಣಕಾಲುದ್ದ ಕಾಣುತ್ತದೆ, ಪಕ್ಕದಲ್ಲೇ ಮಡು ಇರುತ್ತದೆ. ಈಜು ಬಲ್ಲವರೂ ಮುಳುಗಿದ ಸುದ್ದಿ ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ. ತಲಕಾಡಿಗೆ ಡಿಸೆಂಬರಿನಲ್ಲಿ ಬನ್ನಿ.

ಬುಧವಾರ: ರಂಗನತಿಟ್ಟು, ಆಮೇಲೆ ದರಿಯಾ ದೌಲತ್. ರಂಗನತಿಟ್ಟು ಚಿಕ್ಕದು, ಹೊಳೆ ನಡುವಿನ ನಡುಗಡ್ಡೆಗಳು ಅಷ್ಟೆ. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮ ಎಂದು ಘೋಷಣೆಯಾಯಿತು, 2022ರಲ್ಲಿ ರಾಮ್ಸಾರ್ ತಾಣವಾಯಿತು, ಅಂದರೆ ಜಗತ್ತಿನ ಮಹತ್ವದ ಜೌಗು ನೆಲಗಳ ಪಟ್ಟಿ ಸೇರಿತು. ಬೇಸಿಗೆ ಇಲ್ಲಿಗೆ ಒಳ್ಳೆಯ ಕಾಲ. ಕೊಕ್ಕರೆ, ಚಮಚದ ಕೊಕ್ಕಿನ ಹಕ್ಕಿಗಳ ಗೂಡಿನಲ್ಲಿ ಮರಿಗಳಿರುತ್ತವೆ, ಮಳೆಗಾಲದಲ್ಲಿ ಕೆ.ಆರ್.ಎಸ್.ನಿಂದ ನೀರು ಬಿಟ್ಟರೆ ದೋಣಿಯೇ ನಿಲ್ಲುತ್ತದೆ. ಮೊದಲ ದೋಣಿಗಳಲ್ಲೇ ಕೂರಿ. ಬಂಡೆಯ ಮೇಲೆ ಮೊಸಳೆ ಬಾಯಿ ತೆರೆದು ಬಿಸಿಲು ಕಾಯುತ್ತಿರುತ್ತದೆ, ದೋಣಿಯವರು ತೀರಾ ಹತ್ತಿರ ಒಯ್ಯುತ್ತಾರೆ. ಮಕ್ಕಳ ಕೈ ನೀರಿಗೆ ಇಳಿಯದಂತೆ ಮೊದಲೇ ಕರಾರು ಮಾಡಿಕೊಳ್ಳಿ. ದುರ್ಬೀನು ಇದ್ದರೆ ತನ್ನಿ, ಆಟಿಕೆಯ ದುರ್ಬೀನು ಬೇಡ, ಸಿಟ್ಟಷ್ಟೇ ಬರುತ್ತದೆ.

ಅಲ್ಲಿಂದ ಶ್ರೀರಂಗಪಟ್ಟಣ ಕೂಗಳತೆ. ಪಟ್ಟಣದಲ್ಲಿ ನೋಡುವಂಥದ್ದು ಹತ್ತಿವೆ. ಬೇಸಿಗೆಯಲ್ಲಿ ನಾನು ಆರಿಸುವುದು ಒಂದನ್ನೇ. ಟಿಪ್ಪು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಅವನ ಬೇಸಿಗೆ ಅರಮನೆ. ತೇಗದ ಕಂಬ, ಎತ್ತರದ ಚಾವಣಿ, ಗೋಡೆಯ ಚಿತ್ರ ಮಾಸದಿರಲೆಂದು ಸುತ್ತ ಇಳಿಬಿಟ್ಟ ಪರದೆಗಳಿಂದಾಗಿ ಒಳಗೆ ಮಬ್ಬು ಬೆಳಕು. ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧ: ಸೋತು ಪಲ್ಲಕ್ಕಿಯಲ್ಲಿ ಕೂತ ಬ್ರಿಟಿಷರ ಕರ್ನಲ್ ಬೈಲಿಯನ್ನು ಹುಡುಕುವುದು ಮಕ್ಕಳ ಪಾಲಿನ ಕೆಲಸ. ಹಿರಿಯರಿಗೆ ದೇವರ ದರ್ಶನ ಆಗಲೇಬೇಕೆಂದಿದ್ದರೆ ರಂಗನಾಥಸ್ವಾಮಿ ಗುಡಿಗೆ ಮೊದಲು ಹೋಗಿ, ಮಧ್ಯಾಹ್ನ ಬಾಗಿಲು ಹಾಕುತ್ತಾರೆ.

ಬುಧವಾರ ಸಂಜೆ ಬೃಂದಾವನ. ದಿನಪತ್ರಿಕೆಯಲ್ಲಿ ಕನ್ನಂಬಾಡಿಯ ಮಟ್ಟ 124.80 ಅಡಿ ಮುಟ್ಟಿತೋ ಇಲ್ಲವೋ ಎಂದು ಓದುತ್ತ ಬೆಳೆದವರು ನಾವು, ಮಕ್ಕಳಿಗೆ ಆ ಕಟ್ಟೆಯನ್ನು ಕೆಳಗಿನಿಂದಲಾದರೂ ತೋರಿಸಬೇಕು. ಐದರ ನಂತರ ಹೋಗಿ, ಸಂಗೀತ ಕಾರಂಜಿ ಕತ್ತಲಾದ ಮೇಲೆ. ಗೇಟಿನಿಂದ ಕಾರಂಜಿಯವರೆಗೆ ಮೆಟ್ಟಿಲಿಳಿದು ಸೇತುವೆ ದಾಟಿ ಸಾಕಷ್ಟು ನಡೆಯಬೇಕು, ಕತ್ತಲಲ್ಲಿ ಜನಜಂಗುಳಿಯ ನಡುವೆ ಅದೇ ದಾರಿಯಲ್ಲಿ ವಾಪಸ್ ಬರಬೇಕು. ಮಂಡಿನೋವಿನವರಿಗೆ ಇದು ಕಷ್ಟ. ಅತ್ತೆಯನ್ನು ಎರಡನೇ ಸಲ ನಾವು ಕರೆದೊಯ್ಯಲಿಲ್ಲ. ಅವರ ಪಾಲಿಗೆ ಆ ಸಂಜೆ ಕುಕ್ಕರಹಳ್ಳಿ ಕೆರೆ ಏರಿಯ ಕಲ್ಲುಬೆಂಚು, ನನ್ನ ಹೆಂಡತಿ, ಹುರಿದ ಕಡಲೆ. ಬಂದ ಮೇಲೆ ಯಾರ ಸಂಜೆ ಚೆನ್ನಾಗಿತ್ತು ಎಂದು ವಾದವಾಯಿತು, ನಾವೇನೂ ಗೆಲ್ಲಲಿಲ್ಲ.

ಗುರುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟ, ಆಮೇಲೆ ಊರಿಗೆ. ಮಂಗಳವಾರ, ಶುಕ್ರವಾರ ಅಲ್ಲಿ ಜನ ಹೆಚ್ಚು. ಗುರುವಾರ ಆ ಕಾಟವಿಲ್ಲ. ಸಾವಿರ ಮೆಟ್ಟಿಲು ಹತ್ತುವ ಹುರುಪು ಮಕ್ಕಳಿಗಿದ್ದರೆ ಆರು ಗಂಟೆಗೇ ಪಾದದಲ್ಲಿರಿ. ಇಲ್ಲದಿದ್ದರೆ ನಮ್ಮ ಉಪಾಯ: ಗಾಡಿಯಲ್ಲಿ ಮೇಲೆ ಹೋಗಿ, ದರ್ಶನ ಮುಗಿಸಿ, ನಂದಿಯವರೆಗೆ ಮುನ್ನೂರು ಚಿಲ್ಲರೆ ಮೆಟ್ಟಿಲು ಇಳಿಯುವುದು. ಗಾಡಿಗೆ ನಂದಿಯ ಹತ್ತಿರ ಬಂದು ನಿಲ್ಲಲು ಹೇಳಿದರಾಯಿತು, ಅಲ್ಲಿಗೆ ರಸ್ತೆ ಇದೆ. ಹದಿನೇಳನೆಯ ಶತಮಾನದ ಏಕಶಿಲೆಯ ಆ ಬಸವನ ಕೊರಳ ಗಂಟೆಸರವನ್ನು ಮಕ್ಕಳು ಎಣಿಸದೆ ಬಿಡುವುದಿಲ್ಲ.

ಅರಮನೆಯ ಒಳಗು ಯಾವಾಗ ಎಂದು ಕೇಳುತ್ತೀರಿ. ಅದು ಮಧ್ಯಾಹ್ನದ ಕಾಲಂನ ಜಾಗ, ನಿದ್ದೆ ಬರದವರಿಗೆ. ಹತ್ತರಿಂದ ಐದೂವರೆಯವರೆಗೆ ತೆರೆದಿರುತ್ತದೆ, ಒಳಗೆ ಚಾವಣಿಯಿದೆ, ಮೂರು ಗಂಟೆಗೆ ಹೋದರೆ ಸರಿ. ಹಳೆಯ ಮರದ ಅರಮನೆ 1897ರಲ್ಲಿ ಮದುವೆಯ ಸಂಭ್ರಮದ ನಡುವೆ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ ಕಟ್ಟಿ, 1912ಕ್ಕೆ ಮುಗಿಸಿದ್ದು ಇದು. ಈ ಬೆಂಕಿಯ ಕಥೆ ಹೇಳಿಯೇ ಒಳಗೆ ಕರೆದೊಯ್ಯಿರಿ, ಮಕ್ಕಳು ಕಂಬ ಮುಟ್ಟಿ ನೋಡುತ್ತಾರೆ. ರೈಲ್ವೆ ಮ್ಯೂಸಿಯಂ ಮಾತ್ರ ಮಧ್ಯಾಹ್ನಕ್ಕೆ ಬೇಡ, ಹೆಸರು ಕೇಳಿ ಕಟ್ಟಡ ಅಂದುಕೊಂಡಿರುತ್ತೀರಿ, ಎಂಜಿನ್‌ಗಳೆಲ್ಲ ಬಯಲಲ್ಲಿವೆ, ಕಬ್ಬಿಣ ಕಾದಿರುತ್ತದೆ.

ಐದನೆಯದು: ಗಾಡಿಯ ಲೆಕ್ಕ

ಟ್ಯಾಕ್ಸಿಗೆ ನಾಲ್ಕು ದಿನವೂ ಹೊರಊರಿನ ದರ ಕೊಡುವುದು ದಂಡ. ಹೊರಊರಿನ ಬಾಡಿಗೆಯಲ್ಲಿ ದಿನಕ್ಕೆ ಕನಿಷ್ಠ 250-300 ಕಿಲೋಮೀಟರ್ ಲೆಕ್ಕ ಹಿಡಿಯುತ್ತಾರೆ, ಮೇಲೆ ಡ್ರೈವರ್ ಬಾಟಾ. ನೀವು ಓಡಾಡುವುದು ಅದರ ಕಾಲುಭಾಗವೂ ಇಲ್ಲ. "8 ಗಂಟೆ, 80 ಕಿಲೋಮೀಟರ್" ಪ್ಯಾಕೇಜ್ ಕೇಳಿ. ಸೋಮನಾಥಪುರ, ರಂಗನತಿಟ್ಟು ಎರಡೂ ಅದರೊಳಗೇ ಬರುತ್ತವೆ. ಸೋಮವಾರಕ್ಕೆ ಗಾಡಿಯೇ ಬೇಡ, ಆಟೋ ಸಾಕು. ಬೆಟ್ಟಕ್ಕೆ, ಕೆ.ಆರ್.ಎಸ್.ಗೆ ಸಿಟಿ ಬಸ್ ಇದೆ. ಶಕ್ತಿ ಯೋಜನೆಯಿಂದ ಕರ್ನಾಟಕದ ಹೆಂಗಸರಿಗೆ, ಹುಡುಗಿಯರಿಗೆ ಸಾಮಾನ್ಯ ಬಸ್ಸು ಉಚಿತ, ಆಧಾರ್ ಜೊತೆಗಿರಲಿ.

ಅರಮನೆಯ ಹತ್ತಿರ ಒಬ್ಬರು ಬಂದು "ಇವತ್ತು ಅರಮನೆ ಲೇಟಾಗಿ ತೆಗೀತಾರೆ, ಅಷ್ಟರಲ್ಲಿ ರೇಷ್ಮೆ ಫ್ಯಾಕ್ಟರಿ ತೋರಿಸ್ತೀನಿ" ಎಂದರೆ ನಕ್ಕು ಮುಂದೆ ನಡೆಯಿರಿ. ಅರಮನೆ ತೆರೆದೇ ಇರುತ್ತದೆ. ನಾವು ಒಮ್ಮೆ ಅಂಥ ಮಾತಿಗೆ ಹೋಗಿ, ಬೇಡದ ಗಂಧದ ಆನೆಯೊಂದನ್ನು ಕೊಂಡು ಬಂದೆವು. ವಾರದಲ್ಲಿ ವಾಸನೆ ಹೋಯಿತು, ಆನೆ ಈಗಲೂ ಟಿ.ವಿ. ಮೇಲಿದೆ.

ಪಟ್ಟಿಯಿಂದ ಹೊಡೆದುಹಾಕಬೇಕಾದದ್ದು

ಶಿವನಸಮುದ್ರದ ಗಗನಚುಕ್ಕಿ-ಭರಚುಕ್ಕಿ: ಬೇಸಿಗೆಯಲ್ಲಿ ಬಂಡೆ ಕಾಣುತ್ತದೆ, ಜಲಪಾತವಲ್ಲ. ಆಗಸ್ಟಿನ ಜಾಗ ಅದು. ಮಡಿಕೇರಿಗೆ "ಒಂದು ದಿನ ಹೋಗಿ ಬರೋಣ" ಎಂಬುದೂ ಬೇಡ, ಒಂದು ದಿಕ್ಕಿಗೆ 120 ಕಿಲೋಮೀಟರ್, ಮಕ್ಕಳು ತಿರುವಿನಲ್ಲಿ ವಾಂತಿ ಮಾಡಿಕೊಂಡದ್ದೇ ನೆನಪಾಗಿ ಉಳಿಯುತ್ತದೆ.

ಬಂಡೀಪುರದ ಮಾತು ಬೇರೆ. ಎಲೆ ಉದುರಿ ಕಾಡು ಬೋಳಾಗಿರುತ್ತದೆ, ಪ್ರಾಣಿಗಳು ಕೆರೆಕಟ್ಟೆಗೆ ಬರುತ್ತವೆ, ಕಾಣುವ ಸಂಭವ ಹೆಚ್ಚು. ಆದರೆ ಅದಕ್ಕೆ ಅಲ್ಲೇ ಒಂದು ರಾತ್ರಿ ತಂಗಬೇಕು. 80 ಕಿಲೋಮೀಟರ್ ದೂರದಿಂದ ಬೆಳಗಿನ ಸಫಾರಿಗೆ ಮಕ್ಕಳನ್ನು ಎಬ್ಬಿಸಿಕೊಂಡು ಹೋಗುವುದು ಹಿಂಸೆ. ಕಾಡ್ಗಿಚ್ಚಿಗೋ ಹುಲಿ ದಾಳಿಯ ಗಲಾಟೆಗೋ ಸಫಾರಿ ನಿಲ್ಲಿಸಿದ್ದುಂಟು, ರೂಮು ಬುಕ್ ಮಾಡುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಕಾಡಿನ ಹೆದ್ದಾರಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಬಂದ್ ಎಂಬುದೂ ನೆನಪಿರಲಿ.

ಹೊರಡುವ ದಿನ

ಮೈಸೂರು ಪಾಕು ಕೊನೆಗೆ ಕೊಳ್ಳಿ, ಭಾನುವಾರವೇ ಅಲ್ಲ. ಸಯ್ಯಾಜಿರಾವ್ ರಸ್ತೆಯ ಗುರು ಸ್ವೀಟ್ಸ್ ಮಾರ್ಟಿನ ಮುಂದೆ ಸಾಲು ಇರುತ್ತದೆ, ಬೆಳಿಗ್ಗೆಯಾದರೆ ಬೇಗ ಕರಗುತ್ತದೆ. ಡಬ್ಬಿಯನ್ನು ಕಾರಿನ ಡಿಕ್ಕಿಗೆ ಹಾಕಬೇಡಿ. ನಾವು ಹಾಕಿದ್ದೆವು. ಊರಿಗೆ ಬಂದು ತೆರೆದರೆ ಎರಡು ಕೆ.ಜಿ. ಪಾಕು ಒಂದೇ ಇಟ್ಟಿಗೆಯಾಗಿತ್ತು, ತುಪ್ಪವೆಲ್ಲ ಅತ್ತೆಯ ರೇಷ್ಮೆ ಸೀರೆಯ ಕವರಿನಲ್ಲಿತ್ತು. ಕಾಲ ಬುಡದಲ್ಲಿ, ಎ.ಸಿ. ಗಾಳಿ ತಾಗುವ ಕಡೆ ಇಟ್ಟುಕೊಳ್ಳಿ. ರೈಲಾದರೆ ಸೀಟಿನ ಕೆಳಗೆ, ಕಿಟಕಿಯಿಂದ ದೂರ.